ಕರ್ನಲ್ ನವೀಕರಣದ ನಂತರ ಆಟಗಳು ಕುಂಟುತ್ತಿವೆ: ಡ್ರೈವರ್ ಲೋಡ್ ಆಗುತ್ತಿಲ್ಲವೇ?

ಪ್ರಶ್ನೆ:
ಲಿನಕ್ಸ್ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ನವೀಕರಿಸಿದ ಬಳಿಕ ಆಟಗಳೆಲ್ಲ ಕುಂಟುತ್ತಿದ್ದು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೂ ರೆಂಡರರ್ (ಚಿತ್ರ ಬಿಡಿಸುವ ಘಟಕ) ಹೆಸರು ‘ಎಲ್‌ಎಲ್‌ವಿಎಂಪೈಪ್’ ಎಂದು ಕಾಣುತ್ತಿದೆ. ಕಾರ್ಡ್ ತಯಾರಕರ ಡ್ರೈವರನ್ನು ಮರುಸ್ಥಾಪಿಸಿದರೂ ಫಲವಿಲ್ಲ. ದೋಷ ಎಲ್ಲಿರಬಹುದು?

ಉತ್ತರ 1:
ಎಲ್‌ಎಲ್‌ವಿಎಂಪೈಪ್ ಎಂಬುದು ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಲೈಬ್ರರಿಯ ಸಾಫ್ಟ್‌ವೇರ್ ರೆಂಡರರ್. ಅಂದರೆ ಚಿತ್ರವನ್ನೆಲ್ಲ ಸಿಪಿಯು ಒಂದೇ ಬಿಡಿಸುತ್ತಿದೆ. ಕರ್ನಲ್‌ನ ಹೊರಗಿನ ಡ್ರೈವರ್ ಮಾಡ್ಯೂಲ್ (ಡ್ರೈವರ್‌ನಲ್ಲಿ ಕರ್ನಲ್‌ಗೆ ಸೇರಿಕೊಳ್ಳುವ ಭಾಗ) ಸಾಮಾನ್ಯವಾಗಿ ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಂಪೈಲ್ ಆಗಬೇಕಾಗುತ್ತದೆ. ಅದನ್ನು ತಾನಾಗಿಯೇ ಮಾಡುವ ಡಿಕೆಎಂಎಸ್ ಎಂಬ ಸಾಧನಕ್ಕೆ ಅದೇ ಆವೃತ್ತಿಯ ಕರ್ನಲ್ ಹೆಡರ್‌ಗಳು (ಕಂಪೈಲ್‌ಗೆ ಬೇಕಾದ ಕರ್ನಲ್‌ನ ಕಡತಗಳು) ಬೇಕು. ಅವಿಲ್ಲದಿದ್ದರೆ ಪ್ಯಾಕೇಜ್ ಸ್ಥಾಪನೆಯಾದಂತೆ ಕಂಡರೂ ಮಾಡ್ಯೂಲ್ ಸಿದ್ಧವಾಗಿರುವುದಿಲ್ಲ. ಮೊದಲು ‘ಡಿಕೆಎಂಎಸ್ ಸ್ಟೇಟಸ್’ ಆದೇಶ ಕೊಟ್ಟು ಮಾಡ್ಯೂಲ್ ಸಿದ್ಧವಾಗಿದೆಯೇ ನೋಡಿ. ಅಲ್ಲಿಯವರೆಗೆ ಬೂಟ್ ಮೆನುವಿನಿಂದ ಹಳೆಯ ಕರ್ನಲ್ ಆರಿಸಿಕೊಂಡರೆ ಆಟ ನಿಲ್ಲಿಸಬೇಕಾಗಿಲ್ಲ.

ಉತ್ತರ 2:
ಮಾಡ್ಯೂಲ್ ಸಿದ್ಧವಾಗಿಯೂ ಲೋಡ್ ಆಗದಿದ್ದರೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯಿರುವ ತಂತ್ರಾಂಶದಿಂದಷ್ಟೇ ಕಂಪ್ಯೂಟರ್ ಆರಂಭವಾಗಗೊಡುವ ಭದ್ರತಾ ಸೌಲಭ್ಯ) ಕಾರಣವಿರಬಹುದು, ಏಕೆಂದರೆ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಆಗ ತಿರಸ್ಕರಿಸುತ್ತದೆ. ಸೆಕ್ಯೂರ್ ಬೂಟನ್ನೇ ನಿಷ್ಕ್ರಿಯಗೊಳಿಸುವುದು ಸುಲಭ. ಆದರೆ ಸಹಿಯ ಕೀಲಿಯನ್ನು ನೋಂದಾಯಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಹೆಡರ್‌ಗಳು ಸರಿಯಿದ್ದವು, ಕೀಲಿ ನೋಂದಣಿಯಾಗಿರಲಿಲ್ಲ. ಈಗ ಆಟಗಳು ಸರಾಗವಾಗಿವೆ, ಹಳೆಯದೊಂದು ಮಾತ್ರ ತೆರೆಯುತ್ತಿಲ್ಲ.

ಉತ್ತರ 1:
ಅದು 32-ಬಿಟ್ ಆಟವಾಗಿರಬಹುದು. ಡ್ರೈವರ್‌ನ 32-ಬಿಟ್ ಲೈಬ್ರರಿಗಳನ್ನು ಪ್ರತ್ಯೇಕವಾಗಿ, ಮುಖ್ಯ ಡ್ರೈವರ್‌ನ ಆವೃತ್ತಿಗೇ ಹೊಂದುವಂತೆ ಸ್ಥಾಪಿಸಿ.