ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಲೋಕಲ್ ಬಸ್ಸಲ್ಲಿ ಅಮ್ಮನ್ನ ಕರ್ಕೊಂಡು ಹೋಗ್ಬೋದಾ?

ಹಾಸನದ್‌ಹುಡ್ಗಿ:
ಎಲ್ರಿಗೂ ನಮಸ್ಕಾರ, ಜನವರಿಲಿ ನಾನು ಅಮ್ಮ ಇಬ್ರೇ ಶ್ರೀಲಂಕಾಗೆ ಹೋಗ್ತಿದೀವಿ. ನುವಾರ ಎಲಿಯ ಹತ್ರ ಇರೋ ಸೀತಾ ಎಲಿಯದ ಸೀತಮ್ಮನ ಗುಡಿ ನೋಡ್ಲೇಬೇಕು ಅಂತ ಅಮ್ಮನ ಆಸೆ. ರೈಲಲ್ಲಿ ಸೀಟ್ ಸಿಗ್ಲಿಲ್ಲ, ಕಾರಿಗೆ ತುಂಬಾ ರೇಟ್ ಹೇಳ್ತಿದಾರೆ. ಅಮ್ಮಂಗೆ 63, ಮಂಡಿ ನೋವಿದೆ, ಶಿರಾಡಿ ಘಾಟಲ್ಲೇ ವಾಂತಿ ಬರತ್ತೆ. ಬಸ್ಸಲ್ಲಿ ಆಗತ್ತಾ? ನಾವು ಪೂರ್ತಿ ವೆಜ್ ಬೇರೆ.

ಘಾಟ್‌ರೋಡ್:
ಖಂಡಿತ ಹೋಗಿ. ನಾನು ನಮ್ಮತ್ತೆನ ಕರ್ಕೊಂಡು ಅದೇ ರೂಟಲ್ಲಿ ಹೋಗಿದ್ದೆ, ಗಂಪೊಳ, ಪುಸ್ಸೆಲ್ಲಾವ, ರಂಬೊಡ ಮೇಲೆ ಹೋಗತ್ತೆ, 77 ಕಿಮೀ ಅಷ್ಟೇ ಆದ್ರೂ ಮೂರು ಗಂಟೆ ಇಟ್ಕೊಳ್ಳಿ. ಕೆಂಪು ಬಸ್ಸು ಅಂದ್ರೆ ಸರ್ಕಾರಿದು, ಅಶೋಕ್ ಲೇಲ್ಯಾಂಡೇ, ಸೌಂಡ್ ಕೇಳಿದ್ರೆ ನಮ್ಮೂರ್ ಬಸ್ ಅನ್ಸತ್ತೆ. ಒಂದು ಕಡೆ ಮೂರು ಸೀಟು ಇನ್ನೊಂದ್ ಕಡೆ ಎರಡು, ಮಂಡಿಗೆ ಜಾಗ ಕಮ್ಮಿ, ಅದಕ್ಕೆ ಬಸ್ ಹೊರಡೋ ಸ್ಟಾಂಡಲ್ಲೇ ಹತ್ತಿ ಮುಂದಿನ ಸೀಟ್ ಹಿಡೀರಿ. ಆದ್ರೆ ಬಾಗಿಲ ಹತ್ರದ ಮೊದಲನೇ ಸೀಟು ಬೌದ್ಧ ಭಿಕ್ಷುಗಳಿಗೆ ಅಂತ ಇರತ್ತೆ, ಅಲ್ಲಿ ಕೂರ್ಬೇಡಿ. ಪುಸ್ಸೆಲ್ಲಾವ ಹತ್ರ ಬಿಳಿ ಯೂನಿಫಾರ್ಮ್ ಮಕ್ಕಳು ಹತ್ತಿದ್ರು, ನಿಂತಿದ್ದ ಒಂದು ಹುಡುಗಿ ಏನೂ ಹೇಳ್ದೆ ತನ್ನ ಬ್ಯಾಗ್ ಅತ್ತೆ ತೊಡೆ ಮೇಲೆ ಇಟ್ಲು, ಅತ್ತೆನೂ ಏನೂ ಅನ್ದೆ ಹಿಡ್ಕೊಂಡು ಕೂತ್ರು. ಭಾಷೆ ಬರ್ದೇ ಇದ್ರೂ ಇಳಿಯೋವರೆಗೂ ಇಬ್ರೂ ಒಬ್ರನ್ನೊಬ್ರು ನೋಡಿ ನಗ್ತಾನೇ ಇದ್ರು. ಕಾರಲ್ಲಿ ಹೋಗಿದ್ರೆ ಇದು ಎಲ್ಲಿ ಸಿಗ್ತಿತ್ತು ಹೇಳಿ.

ಅಂಕಲ್_ಮಂಡ್ಯ:
ಹೋಗಮ್ಮ, ಆದ್ರೆ ಹಗಲಲ್ಲೇ ಹೋಗು. 2025ರ ಮೇನಲ್ಲಿ ಬೆಳಗಿನ ಜಾವ ಇದೇ ರಸ್ತೆಲಿ ಕೊತ್ಮಲೆ ಹತ್ರ ತುಂಬಿದ್ ಬಸ್ಸು ಕಂದಕಕ್ಕೆ ಬಿದ್ದು 20ಕ್ಕಿಂತ ಜಾಸ್ತಿ ಜನ ತೀರ್ಕೊಂಡ್ರು. ಜನ ನೇತಾಡ್ತಿದ್ರೆ ಆ ಬಸ್ ಬಿಟ್ಬಿಡು, ಇನ್ನೊಂದು ಬರತ್ತೆ. ಹೊರಡೋ ಮುಂಚೆ ಅಮ್ಮಂಗೆ ಹೊಟ್ಟೆ ತುಂಬಾ ತಿನ್ನಿಸ್ಬೇಡ, ವಾಂತಿ ಮಾತ್ರೆ ಕೊಡು, ನಿಂಬೆಹಣ್ಣು ಇಟ್ಕೋ.

ಟೀ_ಎಸ್ಟೇಟ್:
ಸ್ವಲ್ಪ ತಮಿಳು ಬರತ್ತಾ? ರಂಬೊಡ ದಾಟಿದ್ಮೇಲೆ ಎಲ್ಲಾ ಟೀ ತೋಟ, ಕೆಲಸ ಮಾಡೋರು ಹೆಚ್ಚಿನೋರು ತಮಿಳರೇ, ಬ್ರಿಟಿಷರ ಕಾಲದಲ್ಲಿ ಇಲ್ಲಿಂದ ಹೋದೋರ ಮೊಮ್ಮಕ್ಕಳು ಮರಿಮಕ್ಕಳು. ನಾನು ಹರ್ಕು ಮುರ್ಕು ಬೆಂಗಳೂರು ತಮಿಳಲ್ಲೇ ಮ್ಯಾನೇಜ್ ಮಾಡಿದೆ, ಪಕ್ಕದಲ್ಲಿ ಕೂತಿದ್ದ ಅಜ್ಜಿ ಎಲ್ಲಿ ಇಳೀಬೇಕು ಅಂತ ತಾನೇ ಕಂಡಕ್ಟರಿಗೆ ಕೂಗಿ ಹೇಳಿದ್ರು. ಊಟಕ್ಕೆ 'ಎಲವಳು ರೊಟಿ' ಅಂತ ಕೇಳಿ, ತರಕಾರಿ ತುಂಬಿದ ತ್ರಿಕೋನದ ರೊಟ್ಟಿ. ಸಂಬೋಲ್ ಅಂತ ಚಟ್ನಿ ತರದ್ದು ಕೊಡ್ತಾರೆ, ಅದನ್ನ ಹಾಕ್ಸ್ಕೋಬೇಡಿ, ಅದರಲ್ಲಿ ಸಾಮಾನ್ಯವಾಗಿ ಒಣಮೀನಿನ ಪುಡಿ ಸೇರಿಸಿರ್ತಾರೆ.

ಹಾಸನದ್‌ಹುಡ್ಗಿ:
ತುಂಬಾ ಥ್ಯಾಂಕ್ಸ್, ಬೆಳಗ್ಗೆ ಬಸ್ಸಿಗೇ ಹೊರಡ್ತೀವಿ. ನುವಾರ ಎಲಿಯದಿಂದ ಗುಡಿಗೆ ಆಟೋನೇ ಮಾಡ್ಬೇಕಾ?

ಘಾಟ್‌ರೋಡ್:
ಬೇಡ, ವೆಲಿಮಡ ಕಡೆ ಹೋಗೋ ಬಸ್ ಹತ್ತಿ, ಗುಡಿ ರೋಡ್ ಪಕ್ಕದಲ್ಲೇ ಇದೆ, 5 ಕಿಮೀ ಇರ್ಬೋದು. ಅಮ್ಮಂಗೆ ಸ್ವೆಟರ್ ತಗೊಳ್ಳಿ, ಊರು 1,868 ಮೀಟರ್ ಎತ್ತರದಲ್ಲಿದೆ, ಜನವರಿಲಿ ಸಂಜೆ ಚಳಿ ಕೊರಿಯತ್ತೆ.