ಬೈಂಡ್ ಅಪ್‌ಡೇಟ್ ಆಗಿದೆ ಅನ್ನುತ್ತೆ ಆಪ್ಟ್, ಓಡ್ತಿರೋದು ಮಾತ್ರ ಹಳೇ ಆವೃತ್ತಿ – ಸಹಾಯ ಬೇಕು

ಹೊಸಗದ್ದೆ:
ನಮಸ್ಕಾರ. ಒಂದು ಕಾಲೇಜಿನ ನೆಟ್‌ವರ್ಕ್ ನೋಡ್ಕೋತೀನಿ. ಲ್ಯಾಬು, ಆಫೀಸು, ಹಾಸ್ಟೆಲ್ಲು ಎಲ್ಲದರ ಡಿಎನ್‌ಎಸ್ ರಿಸಾಲ್ವರ್ (ವೆಬ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡೋ ಸರ್ವರ್) ಡೆಬಿಯನ್ 12 ಲಿನಕ್ಸ್ ಮೇಲಿರೋ ಬೈಂಡ್ ಅನ್ನೋ ತಂತ್ರಾಂಶ. 2025ರ ಅಕ್ಟೋಬರ್ 22ರಂದು ಬೈಂಡ್ ತಯಾರಿಸೋ ಐಎಸ್‌ಸಿ ಸಂಸ್ಥೆ ಹೊರಡಿಸಿದ ಭದ್ರತಾ ಸೂಚನೆಗಳನ್ನು ಓದಿ ಆಪ್ಟ್‌ನಲ್ಲಿ (ಡೆಬಿಯನ್‌ನ ಪ್ಯಾಕೇಜ್ ಹಾಕೋ ಸಾಧನ) ಅಪ್‌ಗ್ರೇಡ್ ಮಾಡಿದೆ. ಡಿಪಿಕೆಜಿ ಕೇಳಿದರೆ 9.18.41 ಅನ್ನುತ್ತೆ. ಆದರೆ ಓಡ್ತಿರೋ ಬೈಂಡನ್ನೇ ಕೇಳೋ ಆರ್‌ಎನ್‌ಡಿಸಿ ಸ್ಟೇಟಸ್ ಕೊಟ್ಟರೆ 9.16.23! ಡಿಎನ್‌ಎಸ್ ಪ್ರಶ್ನೆ ಕಳಿಸೋ ಡಿಗ್‌ನಲ್ಲಿ ಆವೃತ್ತಿ ಕೇಳಿದರೂ ಅದೇ ಉತ್ತರ. ಸರ್ವಿಸ್ ಎರಡು ಸಲ ರೀಸ್ಟಾರ್ಟ್ ಮಾಡಿದೆ, ಕೊನೆಗೆ ಮಷೀನನ್ನೇ ರೀಬೂಟ್ ಮಾಡಿದೆ. ಏನೂ ಬದಲಾಗಲಿಲ್ಲ. ಎಲ್ಲಿ ತಪ್ಪಿದ್ದೀನಿ?

ಕರಾವಳಿ_ಲಿನಕ್ಸ್:
ಸರ್, ಡಿಪಿಕೆಜಿ ಹೇಳೋದು ಡಿಸ್ಕ್ ಮೇಲೆ ಯಾವ ಪ್ಯಾಕೇಜ್ ಇದೆ ಅಂತ ಮಾತ್ರ. ಓಡ್ತಾ ಇರೋದು ಯಾವುದು ಅಂತ ಪ್ರೊಸೆಸ್ಸನ್ನೇ ಕೇಳಬೇಕು. ನೇಮ್ಡ್‌ನ (ಬೈಂಡ್‌ನ ಸರ್ವರ್ ಪ್ರೋಗ್ರಾಂ) ಪಿಐಡಿ, ಅಂದ್ರೆ ಪ್ರೊಸೆಸ್ ನಂಬರ್ ಹುಡುಕಿ, ಪ್ರಾಕ್ ಡೈರೆಕ್ಟರಿಯಲ್ಲಿ ಆ ನಂಬರಿನ ಒಳಗೆ ಇರೋ ಎಕ್ಸ್‌ಇ ಲಿಂಕ್ ಯಾವ ಫೈಲಿಗೆ ಹೋಗುತ್ತೆ ನೋಡಿ. ಆಮೇಲೆ ಸಿಸ್ಟಮ್‌ಸಿಟಿಎಲ್ ಕ್ಯಾಟ್ ನೇಮ್ಡ್ ಅಂತ ಕೊಟ್ಟು ಬಂದದ್ದನ್ನು ಪೂರ್ತಿ ಇಲ್ಲಿ ಹಾಕಿ. ನನಗೆ ಒಂದು ಅನುಮಾನ ಇದೆ, ನೋಡಿದ ಮೇಲೆ ಹೇಳ್ತೇನೆ.

ಹೊಸಗದ್ದೆ:
ಎಕ್ಸ್‌ಇ ಲಿಂಕ್ ಹೋಗೋದು /ಯುಎಸ್‌ಆರ್/ಲೋಕಲ್/ಎಸ್‌ಬಿನ್/ನೇಮ್ಡ್‌ಗೆ. ಪ್ಯಾಕೇಜಿನದು /ಯುಎಸ್‌ಆರ್/ಎಸ್‌ಬಿನ್‌ನಲ್ಲಿ ಸುಮ್ಮನೆ ಕೂತಿದೆ. ಇಟಿಸಿ ಕೆಳಗಿನ ಸಿಸ್ಟಮ್‌ಡಿ ಡೈರೆಕ್ಟರಿಯಲ್ಲಿ ಒಂದು ಓವರ್‌ರೈಡ್ ಫೈಲ್ (ಪ್ಯಾಕೇಜಿನ ಸೆಟ್ಟಿಂಗ್ ಬದಲಿಸೋದು) ಸಿಕ್ಕಿತು, ಯಾವ ಪ್ರೋಗ್ರಾಂ ಶುರು ಮಾಡಬೇಕು ಅಂತ ಹೇಳೋ ಅದರ ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿ ಲೋಕಲ್ ಅಂತಲೇ ಬರೆದಿದೆ. ನನಗಿಂತ ಮುಂಚೆ ಇದ್ದವರು ಸೋರ್ಸ್‌ನಿಂದ ಕಂಪೈಲ್ ಮಾಡಿ ಇಟ್ಟಿರಬೇಕು. ಎಲ್ಲೂ ಬರೆದಿಟ್ಟಿಲ್ಲ.

ಕರಾವಳಿ_ಲಿನಕ್ಸ್:
ಅದೇ ಅನುಮಾನ ಇತ್ತು ಮಾರಾಯ್ರೆ. ಇಷ್ಟು ದಿನ ನೀವು ಮಾಡಿದ ಯಾವ ಬೈಂಡ್ ಅಪ್‌ಗ್ರೇಡೂ ಓಡುವ ಸರ್ವರನ್ನು ಮುಟ್ಟಲೇ ಇಲ್ಲ. 9.16.23 ಅಂದ್ರೆ ಕೀಟ್ರ್ಯಾಪ್ ಅನ್ನೋ ಭದ್ರತಾ ಹುಳುಕಿಗೂ ಬಾಗಿಲು ತೆರೆದೇ ಇದೆ. 2024ರ ಫೆಬ್ರವರಿಯಲ್ಲಿ ಬಂದ ಅದಕ್ಕೆ 9.16 ಸಾಲಿನಲ್ಲಿ ಪರಿಹಾರ ಸಿಕ್ಕಿದ್ದು 9.16.48ರಲ್ಲಿ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರದ ಮೇಲಿನ ಡಿಜಿಟಲ್ ಸಹಿ) ಪರಿಶೀಲಿಸುವ ರಿಸಾಲ್ವರನ್ನು ಒಂದೇ ಪ್ಯಾಕೆಟ್ಟಿನಿಂದ ಗಂಟೆಗಟ್ಟಲೆ ಮಲಗಿಸಬಹುದು, ಬೈಂಡ್‌ನಲ್ಲಾದರೆ 16 ಗಂಟೆವರೆಗೂ ಅಂತ ಅದನ್ನು ಕಂಡುಹಿಡಿದ ಜರ್ಮನಿಯ ಸಂಶೋಧಕರೇ ತೋರಿಸಿದ್ದರು.

ಈಗಿನ ಸಿವಿಇ-2025-40778 (ಸಿವಿಇ ಅಂದ್ರೆ ಭದ್ರತಾ ಹುಳುಕಿಗೆ ಕೊಡೋ ನಂಬರ್) ಇನ್ನೂ ಕೆಟ್ಟದ್ದು. ಕೇಳದೇ ಇರುವ ದಾಖಲೆಗಳು ಉತ್ತರದ ಜೊತೆ ಬಂದರೂ ಬೈಂಡ್ ಕೆಲವು ಸಂದರ್ಭಗಳಲ್ಲಿ ಒಪ್ಪಿಕೊಂಡು ಕ್ಯಾಶ್‌ಗೆ (ಉತ್ತರಗಳ ತಾತ್ಕಾಲಿಕ ನೆನಪಿಗೆ) ಹಾಕಿಬಿಡುತ್ತೆ. ಬ್ಯಾಂಕಿನ ವಿಳಾಸ ಸರಿಯಾಗಿ ಟೈಪ್ ಮಾಡಿದ ಹುಡುಗಿಯೂ ಬೇರೆ ಯಾರದೋ ಸರ್ವರಿಗೆ ಹೋಗ್ತಾಳೆ. ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಅಂದರೂ ಒತ್ತಿ ಮುಂದೆ ಹೋಗುವವರು ಹಾಸ್ಟೆಲ್ಲಿನಲ್ಲಿ ಇದ್ದೇ ಇರ್ತಾರೆ. 9.16ರ ಆಯಸ್ಸು 2024ರ ಏಪ್ರಿಲ್‌ಗೇ ಮುಗಿದಿದೆ, ಐಎಸ್‌ಸಿ ಅದಕ್ಕೆ ಪ್ಯಾಚ್ ಕೊಡೋದಿಲ್ಲ. ಕಾನ್ಫಿಗ್ ಬದಲಿಸಿ ತಪ್ಪಿಸಿಕೊಳ್ಳೋ ದಾರಿಯೂ ಇಲ್ಲ. ಹಾಗಾಗಿ ಇವತ್ತೇ ಮಾಡಿ.

ಮೊದಲು ಓವರ್‌ರೈಡ್ ಫೈಲನ್ನೂ ಕಾನ್ಫಿಗ್ ಡೈರೆಕ್ಟರಿಯನ್ನೂ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಹೊಸ ಪ್ಯಾಕೇಜಿನ ನೇಮ್ಡ್-ಚೆಕ್‌ಕಾನ್ಫ್‌ನಿಂದ ಕಾನ್ಫಿಗ್ ಪರೀಕ್ಷಿಸಿ. ಪೂರ್ತಿ ಪಾತ್ ಕೊಟ್ಟೇ ಓಡಿಸಬೇಕು, ಇಲ್ಲದಿದ್ದರೆ ಅಲ್ಲೂ ಲೋಕಲ್‌ನ ಹಳೇದೇ ಎದ್ದು ಬರುತ್ತೆ. ಆಮೇಲೆ ಓವರ್‌ರೈಡ್ ತೆಗೆಯೋ ಸಿಸ್ಟಮ್‌ಸಿಟಿಎಲ್ ರಿವರ್ಟ್, ಡೀಮನ್-ರೀಲೋಡ್, ರೀಸ್ಟಾರ್ಟ್.

ಹೊಸಗದ್ದೆ:
ಮಾಡಿದೆ, ನೇಮ್ಡ್ ಏಳ್ತಾನೇ ಇಲ್ಲ. ಲಾಗ್ ಫೈಲ್ ತೆರೆಯೋಕೆ ಅನುಮತಿ ಇಲ್ಲ ಅಂತ ಹೇಳಿ ನಿಂತುಬಿಡುತ್ತೆ. ನಮ್ಮ ಕ್ವೆರಿ ಲಾಗ್ /ಎಸ್‌ಆರ್‌ವಿ/ಡಿಎನ್‌ಎಸ್/ಲಾಗ್ ಒಳಗಿದೆ. ಮಾಲೀಕ ಬೈಂಡ್ ಯೂಸರ್ರೇ. 777 (ಎಲ್ಲರಿಗೂ ಪೂರ್ತಿ ಅನುಮತಿ) ಕೂಡ ಕೊಟ್ಟು ನೋಡಿದೆ. ಸದ್ಯಕ್ಕೆ ಹಳೇದನ್ನೇ ಎಬ್ಬಿಸಿದ್ದೀನಿ, ತರಗತಿ ನಡೀತಿದೆ.

ಕರಾವಳಿ_ಲಿನಕ್ಸ್:
777 ಈಗಲೇ ವಾಪಸ್ ತೆಗೀರಿ, ತೊಂದರೆ ಅಲ್ಲಿಲ್ಲ. ಕರ್ನಲ್ ಲಾಗ್‌ನಲ್ಲಿ ಆಪ್‌ಆರ್ಮರ್ ಡಿನೈಡ್ ಅನ್ನೋ ಸಾಲು ಸಿಗುತ್ತೆ, ನೋಡಿ. ಆಪ್‌ಆರ್ಮರ್ ಅಂದ್ರೆ ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಾಯುವ ಕಾವಲು. ಡೆಬಿಯನ್‌ನ ಆಪ್‌ಆರ್ಮರ್ ಪ್ರೊಫೈಲ್ /ಯುಎಸ್‌ಆರ್/ಎಸ್‌ಬಿನ್/ನೇಮ್ಡ್ ಅನ್ನೋ ಪಾತ್‌ಗೆ ಕಟ್ಟಿದ್ದು. ಲೋಕಲ್‌ನ ನೇಮ್ಡ್‌ಗೆ ಆ ಕಾವಲೇ ಇರಲಿಲ್ಲ, ಅದಕ್ಕೇ ಎಲ್ಲಿ ಬೇಕಾದರೂ ಬರೀತಿತ್ತು. ಹೊಸದಕ್ಕೆ ಕಾವಲಿದೆ.

ಪ್ರೊಫೈಲ್ ಆಫ್ ಮಾಡಿ ಅಂತ ಹೇಳುವವರ ಮಾತು ದಯವಿಟ್ಟು ಕೇಳಬೇಡಿ. ನಾಳೆ ಇನ್ನೊಂದು ಹುಳುಕು ಸಿಕ್ಕಿ ಯಾರಾದರೂ ಒಳಗೆ ಬಂದರೆ ಅವರ ಕೈ ಕಟ್ಟುವುದು ಅದೇ. /ವಾರ್/ಲಾಗ್/ನೇಮ್ಡ್ ಅಂತ ಡೈರೆಕ್ಟರಿ ಮಾಡಿ, ಬೈಂಡ್ ಯೂಸರಿಗೆ ಕೊಟ್ಟು, ಕಾನ್ಫಿಗ್‌ನಲ್ಲಿ ಲಾಗ್ ಪಾತ್ ಅಲ್ಲಿಗೆ ಬದಲಿಸಿ. ಪ್ರೊಫೈಲ್ ಅದಕ್ಕೆ ಮೊದಲೇ ಅವಕಾಶ ಕೊಟ್ಟಿದೆ.

ಹೊಸಗದ್ದೆ:
ಸಂಜೆ ಐದರ ಮೇಲೆ ಮಾಡಿದೆ, ಎದ್ದಿತು! ಆರ್‌ಎನ್‌ಡಿಸಿ ಈಗ 9.18.41 ಅನ್ನುತ್ತಿದೆ. ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಲಾಗ್‌ನಲ್ಲಿ ಇನ್ನೊಂದು ಎಚ್ಚರಿಕೆ ಇದೆ: ಕ್ವೆರಿ-ಸೋರ್ಸ್‌ಗೆ (ಪ್ರಶ್ನೆ ಎಲ್ಲಿಂದ ಹೊರಡಬೇಕು ಅನ್ನೋ ಸೆಟ್ಟಿಂಗ್) ನಿರ್ದಿಷ್ಟ ಪೋರ್ಟ್ ಕೊಟ್ಟರೆ ಪೋರ್ಟ್ ರ್‍ಯಾಂಡಮ್ ಆಗೋದಿಲ್ಲ, ಅಪಾಯ ಅಂತ. ಇದನ್ನು ಬಿಡಬಹುದಾ?

ಬಯಲುಸೀಮೆ:
ಬಿಡಬ್ಯಾಡ್ರಿ. ನಿಮ್ಮ ಕಾನ್ಫಿಗ್‌ನಾಗ ಪೋರ್ಟ್ 53 ಅಂತ ಬರದಿರ್ತದ. ಫೈರ್‌ವಾಲ್‌ನಾಗ ಒಂದೇ ಪೋರ್ಟ್ ತೆರೆದ್ರ ಸಾಕು ಅಂತ ಹಿಂದ ಹಂಗ ಮಾಡ್ತಿದ್ರು.

2008ರಾಗ ಭದ್ರತಾ ಸಂಶೋಧಕ ಡ್ಯಾನ್ ಕಾಮಿನ್ಸ್ಕಿ ತೋರಿಸಿದ್ದು ಇದನ್ನ. ಡಿಎನ್‌ಎಸ್ ಪ್ರಶ್ನೆಯ ಐಡಿ 16 ಬಿಟ್, ಅಂದ್ರ 65,536 ಸಾಧ್ಯತೆ ಅಷ್ಟ. ಪೋರ್ಟ್ ಮೊದಲೇ ಗೊತ್ತಿದ್ರ ಆ ಐಡಿ ಒಂದನ್ನ ಊಹಿಸಿ ಸುಳ್ಳು ಉತ್ತರ ತುರುಕಬಹುದು. ಆ ವರ್ಷ ಜುಲೈ 8ಕ್ಕ ಹಲವು ಕಂಪನಿಗಳು ಒಟ್ಟಿಗೆ ಪ್ಯಾಚ್ ಬಿಟ್ಟು ಪೋರ್ಟನ್ನೂ ರ್‍ಯಾಂಡಮ್ ಮಾಡಿದ್ರು. ಈಗಿನ ಸಿವಿಇ-2025-40780 ಅದರ ಬುಡಕ್ಕ ಕೈ ಹಾಕ್ಯದ: ಪೋರ್ಟ್, ಐಡಿ ಎರಡನ್ನೂ ಆರಿಸೋ ರ್‍ಯಾಂಡಮ್ ಸಂಖ್ಯೆಗಳನ್ನ ಮುಂಚಿತವಾಗಿ ಊಹಿಸಬಹುದಿತ್ತು. 9.18.41 ಅದನ್ನ ಸರಿಮಾಡ್ಯದ. ಆದ್ರ ನೀವು 53 ಅಂತ ಕಟ್ಟಿಹಾಕಿದ್ರ ಪ್ಯಾಚಿನ ಅರ್ಧ ಲಾಭ ನೀವೇ ಚೆಲ್ಲಿದಂಗ.

ಆ ಸಾಲು ತೆಗೀರಿ. ಫೈರ್‌ವಾಲ್‌ನಾಗ ಹೊರಗ ಹೋಗೋ ಪ್ರಶ್ನೆಗೆ ಸೋರ್ಸ್ ಪೋರ್ಟ್ ಯಾವುದಾದ್ರೂ ಇರ್ಲಿ, ಡೆಸ್ಟಿನೇಶನ್ ಮಾತ್ರ 53, ಯುಡಿಪಿ ಟಿಸಿಪಿ ಎರಡೂ. ಅಲೋ-ರಿಕರ್ಷನ್‌ನಾಗ (ಯಾರ ಪರವಾಗಿ ಹುಡುಕಿಕೊಡಬೇಕು ಅನ್ನೋ ಪಟ್ಟಿ) ಕಾಲೇಜಿನ ಐಪಿಗಳಷ್ಟೇ ಅದಾವೇನು ನೋಡ್ರಿ. ಕಡೀಕ ಹೋಗಿಬರೋ ಪ್ಯಾಕೆಟ್ ತೋರ್ಸೋ ಟಿಸಿಪಿಡಂಪನ್ನ ಫೈರ್‌ವಾಲ್‌ನ ಹೊರಗಿನ ಬದಿಯಿಂದ ಹಚ್ಚಿ ನೋಡ್ರಿ, ಸರ್ವರ್ ಮ್ಯಾಲೆ ಅಲ್ಲ. ಕೆಲವು ನ್ಯಾಟ್ ಪೆಟ್ಟಿಗೆಗಳು (ಒಳಗಿನ ಐಪಿ ವಿಳಾಸ ಬದಲಿಸಿ ಹೊರಗ ಕಳಸೋವು) ಚಲೋ ಚೆದುರಿದ ಪೋರ್ಟ್‌ಗಳನ್ನ ಮತ್ತ ಸಾಲಾಗಿ ಜೋಡಿಸಿ ಕಳಸ್ತಾವ.

ಹೊಸಗದ್ದೆ:
ಸರ್, 53 ಇದ್ದೇ ಇತ್ತು, ತೆಗೆದೆ. ಹೊರಗಿನ ಬದಿಯಿಂದ ನೋಡಿದೆ, ಪೋರ್ಟ್‌ಗಳು ಚೆನ್ನಾಗಿ ಚೆದುರಿವೆ. ರಿಕರ್ಷನ್ ಪಟ್ಟಿಯಲ್ಲಿ ಹಳೇ ಕಟ್ಟಡದ ಐಪಿ ಶ್ರೇಣಿ ಉಳಿದಿತ್ತು, ಅದನ್ನೂ ಅಳಿಸಿದೆ. ಲೋಕಲ್‌ನ ಹಳೇ ಬೈನರಿಗಳನ್ನು ಪೂರ್ತಿ ತೆಗೆದುಹಾಕಿದ್ದೀನಿ.

ಹಾಸ್ಟೆಲ್ ಬ್ಲಾಕಿನಲ್ಲಿ ಸ್ಟ್ಯಾಂಡ್‌ಬೈ ಅಂತ ಇನ್ನೊಂದು ಸರ್ವರ್ ಇದೆ. ಈಗಷ್ಟೇ ಲಾಗಿನ್ ಆಗಿ ನೋಡಿದೆ, ಅಲ್ಲೂ ಅದೇ ಓವರ್‌ರೈಡ್, ಅದೇ 9.16.23. ಊಟ ಮಾಡಿ ಬಂದು ಅದಕ್ಕೆ ಕೂರ್ತೀನಿ.