ಸಹಾಯ ಬೇಕು: ಆರೋಗ್ಯದ ಅಂತರ ಕಡಿಮೆಯಾಯಿತಾ, ಜಾಸ್ತಿಯಾಯಿತಾ?

ಎಲ್ಲರಿಗೂ ನಮಸ್ಕಾರ. ನಾನು ಜಾಗತಿಕ ಆರೋಗ್ಯದ ಮೊದಲ ಕೋರ್ಸ್ ಓದುತ್ತಿದ್ದೇನೆ. ಒಂದು ಅಸೈನ್‌ಮೆಂಟ್‌ನಲ್ಲಿ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ, ಐದು ವರ್ಷದೊಳಗಿನ ಮಕ್ಕಳ ಸಾವು. ಸಾವಿರ ಜನನಕ್ಕೆ ಇಷ್ಟು ಅಂತ ಲೆಕ್ಕ. ಜಗತ್ತಿನ ಸರಾಸರಿ 1990ರಲ್ಲಿ 93 ಇತ್ತು, 2022ರ ಹೊತ್ತಿಗೆ 37ಕ್ಕೆ ಇಳಿಯಿತು. ಇದು ನಿಜಕ್ಕೂ ದೊಡ್ಡ ಸಾಧನೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾನು ಬರೆಯಬೇಕಿರುವುದು ಬಡವರಿಗೂ ಶ್ರೀಮಂತರಿಗೂ ಇರುವ ಅಂತರದ ಬಗ್ಗೆ.

ಅಭ್ಯಾಸಕ್ಕೆ ಕೊಟ್ಟಿರುವುದು ಕಾಲ್ಪನಿಕ ದೇಶದ ಅಂಕಿಗಳು. ಮೊದಲು ತೀರಾ ಬಡ ಕುಟುಂಬಗಳಲ್ಲಿ 100, ಶ್ರೀಮಂತ ಕುಟುಂಬಗಳಲ್ಲಿ 50. ಆಮೇಲೆ 60 ಮತ್ತು 20. ಎರಡೂ ಕಡೆ ಮಕ್ಕಳು ಉಳಿದಿದ್ದಾರೆ, ಖುಷಿಯ ವಿಷಯ. ಕಳೆದು ನೋಡಿದರೆ ಅಂತರ 50ರಿಂದ 40ಕ್ಕೆ ಇಳಿದಿದೆ. ಭಾಗಿಸಿ ನೋಡಿದರೆ ಎರಡು ಪಟ್ಟು ಇದ್ದದ್ದು ಮೂರು ಪಟ್ಟಾಗಿದೆ!

ನಡುವಿನ ಆದಾಯದ ಗುಂಪುಗಳನ್ನೂ ಸೇರಿಸಿ ಕಾನ್ಸಂಟ್ರೇಶನ್ ಇಂಡೆಕ್ಸ್ (ಬಡವರಿಂದ ಶ್ರೀಮಂತರವರೆಗೆ ಸಾವುಗಳು ಎಷ್ಟು ಅಸಮಾನವಾಗಿ ಹಂಚಿಕೆಯಾಗಿವೆ ಅಂತ ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆ) ಹಾಕಿ ನೋಡಿದೆ. ಅದೂ ಅಸಮಾನತೆ ಹೆಚ್ಚಿದೆ ಎನ್ನುತ್ತದೆ. ಆದರೆ ಅದೂ ಅನುಪಾತದ ಥರದ ಅಳತೆಯೇ ಅಲ್ವಾ, ಹಾಗಾಗಿ ಗೊಂದಲ ಬಗೆಹರಿಯಲಿಲ್ಲ. ಪಠ್ಯದಲ್ಲಿ ಎರಡೂ ಅಳತೆ ಕೊಡಿ ಅಂತಷ್ಟೇ ಇದೆ. ಸುಮ್ನೆ ಎರಡೂ ಸಂಖ್ಯೆ ಬರೆದು ಬಿಟ್ಟರೆ ಆ ಬಡ ಮಕ್ಕಳ ಪರಿಸ್ಥಿತಿ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ ಅನ್ನಿಸುತ್ತದೆ.

ನನ್ನ ಪ್ರಶ್ನೆ ಇಷ್ಟೇ: ಎರಡು ಅಳತೆಗಳು ವಿರುದ್ಧ ದಿಕ್ಕು ತೋರಿಸಿದಾಗ ತೀರ್ಮಾನದಲ್ಲಿ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕು? ಆ ಆಯ್ಕೆಗೆ ಏನು ಕಾರಣ ಕೊಡಬೇಕು?